20,000 ಹಕ್ಕಿಗಳ ಹೊದಿಕೆ ಮತ್ತು ಒಂದು ಸೊಳ್ಳೆ

ಪ್ರಶ್ನೆ: ಹವಾಯಿ ದ್ವೀಪಗಳ ರಾಜರು ಹಕ್ಕಿಗರಿಯ ಹೊದಿಕೆ ಹೊದೆಯುತ್ತಿದ್ದರು, ಒಂದೊಂದಕ್ಕೂ ಸಾವಿರಾರು ಹಕ್ಕಿ ಬೇಕಾಗುತ್ತಿತ್ತು ಎಂದು ಓದಿದೆ. ಅದರಲ್ಲಿ ಮಕರಂದ ಕುಡಿಯುವ ಇಇವಿ ಎಂಬ ಕೆಂಪು ಹಕ್ಕಿಯ ಹೆಸರಿತ್ತು. ಈಗ ಅದು ಅಪಾಯದಲ್ಲಿದೆಯಂತೆ. ಅದೇ ಜನ ಅದನ್ನು ಹಾಡು, ಕಥೆಗಳಲ್ಲಿ ಮೆರೆಸುತ್ತಾರೆ. ಕೊಂದವರೇ ಪ್ರೀತಿಸುವುದು ಹೇಗೆ? ಹಕ್ಕಿ ಕಡಿಮೆಯಾಗಿದ್ದು ಈ ಹೊದಿಕೆಗಳಿಂದಲೇ ಅಲ್ವಾ? ಈಗಲೂ ಅದನ್ನು ಎಲ್ಲಾದರೂ ನೋಡಬಹುದಾ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ನಡುವಿನದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಲ್ಲ. ಇಇವಿಯನ್ನು ಈ ಸ್ಥಿತಿಗೆ ತಂದದ್ದು ರಾಜರ ಹೊದಿಕೆಯಲ್ಲ, ಸೊಳ್ಳೆ. ಹಾಗಂತ ಹೊದಿಕೆಗಾಗಿ ಹಕ್ಕಿ ಸಾಯಲಿಲ್ಲ ಎಂದು ನಾನು ಹೇಳುತ್ತಿಲ್ಲ. ಸತ್ತವು. ತುಂಬಾ ಸತ್ತವು. ಈ ಎರಡು ಮಾತೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ತೋರಿಸಲು ಸ್ವಲ್ಪ ಜಾಗ ಬೇಕು. ಉತ್ತರ ಉದ್ದವಾಗಿದೆ, ಸಹಿಸಿಕೊಳ್ಳಿ.

ಮೊದಲು ಹಕ್ಕಿಯ ಪರಿಚಯ. ಹೆಸರನ್ನು ಹೇಳುವಾಗ ಎರಡು 'ಇ'ಗಳ ನಡುವೆ ಗಂಟಲಲ್ಲಿ ಉಸಿರನ್ನು ಒಂದು ಚಿಟಿಕೆ ಹೊತ್ತು ತಡೆದು ಬಿಡಬೇಕು. ಹವಾಯಿ ಭಾಷೆಯಲ್ಲಿ ಆ ತಡೆಯೂ ಒಂದು ಅಕ್ಷರ. ಹಕ್ಕಿ ಸುಮಾರು 15 ಸೆಂ.ಮೀ. ಉದ್ದ, 20 ಗ್ರಾಂ ಆಸುಪಾಸಿನ ತೂಕ. ಮೈಯೆಲ್ಲ ಕೆಂಡದ ಕೆಂಪು. ರೆಕ್ಕೆ, ಬಾಲ ಕಪ್ಪು. ಕೊಕ್ಕು ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದೆ, ಅದರ ಬಣ್ಣ ಕಿತ್ತಳೆ ಬೆರೆತ ಗುಲಾಬಿ. ನಾಲಿಗೆ ಕೊಳವೆಯಂತಿದ್ದು ತುದಿಯಲ್ಲಿ ಬ್ರಷ್ಷಿನ ಹಾಗೆ ಸೀಳಿಕೊಂಡಿದೆ. ಹೂವಿನೊಳಗೆ ಇಳಿಸಿ ಮಕರಂದವನ್ನು ಹೀರಿಕೊಳ್ಳಲು ಅದು ಹೇಳಿ ಮಾಡಿಸಿದ್ದು. ಮರಿಗಳು ಮಾತ್ರ ಕೆಂಪಾಗಿರುವುದಿಲ್ಲ. ಹಳದಿ ಮೈ, ಮೇಲೆ ಕಪ್ಪು ಚುಕ್ಕೆ. ಯುರೋಪಿನಿಂದ ಮೊದಮೊದಲು ಬಂದ ನಿಸರ್ಗ ತಜ್ಞರು ಇದು ಬೇರೆಯೇ ಜಾತಿ ಎಂದು ಬರೆದುಕೊಂಡಿದ್ದರು. ಹಳದಿ ಹಕ್ಕಿ ಗರಿ ಉದುರಿಸಿ ಕೆಂಪಾಗುವುದನ್ನು ಕಣ್ಣಾರೆ ಕಂಡ ಮೇಲೆ ತಪ್ಪು ತಿದ್ದಿಕೊಂಡರು.

ಇಷ್ಟು ಚೆಂದದ ಹಕ್ಕಿಯ ದನಿಯೂ ಇಂಪಾಗಿರುತ್ತದೆ ಎಂದುಕೊಂಡರೆ ನಿರಾಸೆಯಾಗುತ್ತದೆ. ಎಣ್ಣೆ ಕಾಣದ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ ಕೂಗುತ್ತದೆ. ನಡುನಡುವೆ ಒಂದು ಸಿಳ್ಳೆ.

ಬಾಗಿದ ಕೊಕ್ಕು ನೋಡಿದವರಿಗೆ ಸೂರಕ್ಕಿ ನೆನಪಾಗುತ್ತದೆ. ಆದರೆ ಎರಡಕ್ಕೂ ನೆಂಟಸ್ತಿಕೆ ಇಲ್ಲ. ಇಇವಿ ಫಿಂಚ್ ಕುಟುಂಬದ್ದು. ಅಂದರೆ ಕಾಳು ಒಡೆದು ತಿನ್ನುವ, ಗಿಡ್ಡ ದಪ್ಪ ಕೊಕ್ಕಿನ ಹಕ್ಕಿಗಳ ಬಳಗ. ಏಷ್ಯಾದ ರೋಸ್‌ಫಿಂಚ್‌ಗಳಿಗೆ ಹತ್ತಿರವಾದ ಒಂದು ಸಣ್ಣ ಹಿಂಡು ಸುಮಾರು 50–70 ಲಕ್ಷ ವರ್ಷಗಳ ಹಿಂದೆ ಹೇಗೋ ದಾರಿ ತಪ್ಪಿ ಪೆಸಿಫಿಕ್ ಸಾಗರದ ನಟ್ಟನಡುವಿನ ಈ ದ್ವೀಪಗಳಿಗೆ ಬಂದು ಇಳಿಯಿತು. ಯಾವ ಖಂಡಕ್ಕೆ ಹೋಗಬೇಕೆಂದರೂ ಅಲ್ಲಿಂದ 3,000 ಕಿ.ಮೀ.ಗಿಂತ ಜಾಸ್ತಿ. ವಾಪಸ್ ಹೋಗುವ ಮಾತೇ ಇಲ್ಲ. ಆ ಒಂದು ಹಿಂಡಿನಿಂದ 50ಕ್ಕೂ ಹೆಚ್ಚು ಜಾತಿಗಳು ಹುಟ್ಟಿದವು. ಕೆಲವು ಕಾಳಿಗೇ ಅಂಟಿಕೊಂಡವು, ಕೆಲವು ತೊಗಟೆ ಕೆದಕಿ ಹುಳ ಹುಡುಕಿದವು, ಕೆಲವು ಹೂವಿಗೆ ತಿರುಗಿದವು. ಇವತ್ತು ಉಳಿದಿರುವುದು 17 ಜಾತಿ. ಅಂದಹಾಗೆ ರೋಸ್‌ಫಿಂಚ್ ಚಳಿಗಾಲದಲ್ಲಿ ಭಾರತಕ್ಕೂ ವಲಸೆ ಬರುತ್ತದೆ. ಮುಂದೆ ಯಾವತ್ತಾದರೂ ಅದನ್ನು ಕಂಡರೆ, ಇಇವಿಯ ದೊಡ್ಡಪ್ಪನ ಮಕ್ಕಳನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ.

ಹೂವಿನ ಮಾತು ಬಂತು. ಇಇವಿಯನ್ನು ಓಹಿಯಾ ಮರದಿಂದ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಜ್ವಾಲಾಮುಖಿಯ ಲಾವಾ ಆರಿ ಕಲ್ಲಾದ ಮೇಲೆ ಅದರ ಬಿರುಕಿನಲ್ಲಿ ಮೊದಲು ತಲೆ ಎತ್ತುವ ಗಿಡಗಳಲ್ಲಿ ಓಹಿಯಾ ಒಂದು. ಹವಾಯಿಯ ಸ್ಥಳೀಯ ಕಾಡಿನ ಸುಮಾರು ಶೇ. 80ರಷ್ಟು ಇದೇ ಮರ. ಹೂವಿಗೆ ಲೆಹುವಾ ಎಂದು ಹೆಸರು. ದಳ ಕಾಣುವುದೇ ಇಲ್ಲ, ಬರೀ ಕೆಂಪು ಕೇಸರಗಳ ಕುಚ್ಚು. ಮರ ಮೈತುಂಬ ಹೂ ಬಿಟ್ಟಾಗ ಅದರ ಮೇಲೆ ಕೂತ ಇಇವಿ ಎಲ್ಲಿದೆ ಎಂದು ಹುಡುಕುವುದೇ ಕಷ್ಟ. ಗೂಡನ್ನೂ ಇದೇ ಮರದ ತುದಿಯಲ್ಲಿ ಕಟ್ಟುತ್ತದೆ, ಸಾಮಾನ್ಯವಾಗಿ 2 ಮೊಟ್ಟೆ.

ಈ ಮರದ ಬಗ್ಗೆ ಅಲ್ಲಿನ ಪ್ರತಿ ಮಗುವಿಗೂ ಗೊತ್ತಿರುವ ಕಥೆ ಇದೆ. ಜ್ವಾಲಾಮುಖಿಯ ದೇವತೆ ಪೆಲೆ, ಓಹಿಯಾ ಎಂಬ ಯುವಕನನ್ನು ಬಯಸುತ್ತಾಳೆ. ಅವನ ಮನಸ್ಸು ಲೆಹುವಾ ಎಂಬ ಹುಡುಗಿಯ ಮೇಲೆ. ಪೆಲೆ ಸಿಟ್ಟಿಗೆದ್ದು ಅವನನ್ನು ಗಂಟುಗಂಟಾದ ಮರ ಮಾಡುತ್ತಾಳೆ. ಹುಡುಗಿಯ ಅಳು ನೋಡಲಾರದೆ ಉಳಿದ ದೇವರುಗಳು ಅವಳನ್ನು ಅದೇ ಮರದ ಹೂವಾಗಿಸುತ್ತಾರೆ. ಹಾಗಾಗಿ ಲೆಹುವಾ ಹೂ ಕಿತ್ತರೆ ಮಳೆ ಬರುತ್ತದೆ ಎಂಬ ನಂಬಿಕೆ. ಅಗಲಿದವರ ಕಣ್ಣೀರು ಅದು.

ಈ ಹಿನ್ನೆಲೆ ಇಟ್ಟುಕೊಂಡು ಹವಾಯಿ ಹಾಡುಗಳನ್ನು ಕೇಳಬೇಕು. ಅಲ್ಲಿನ ಕಾವ್ಯದಲ್ಲಿ 'ಕೌನಾ' ಎಂಬ ಮಾತಿದೆ, ಮೇಲಿನ ಅರ್ಥದ ಒಳಗೆ ಅಡಗಿದ ಅರ್ಥ. ಹಕ್ಕಿಯೊಂದು ಲೆಹುವಾ ಹೂವಿನ ಮಕರಂದ ಹೀರುತ್ತಿದೆ ಎಂದು ಹಾಡಿದರೆ, ಕೇಳುವವರಿಗೆ ಗೊತ್ತು, ಅದು ಹಕ್ಕಿಯ ವಿಷಯವಲ್ಲ. ಲೆಹುವಾ ಎಂದರೆ ನಲ್ಲೆ. ಹಕ್ಕಿ ಯಾರೆಂದು ನೀವೇ ಊಹಿಸಿಕೊಳ್ಳಿ. ಕಾಡಿನಲ್ಲಿ ಒಂದು ಬಳ್ಳಿ ಇದೆ, ಅದರ ಹೆಸರು 'ನುಕು ಇಇವಿ'. ಇಇವಿಯ ಕೊಕ್ಕು ಎಂದು ಅರ್ಥ. ಹೂ ಕೆಂಪಗೆ, ಥೇಟ್ ಆ ಕೊಕ್ಕಿನ ಹಾಗೇ ಬಾಗಿರುತ್ತದೆ. ಹಕ್ಕಿಯನ್ನು ದಿನಾ ನೋಡುವವರು ಮಾತ್ರ ಇಡಬಲ್ಲ ಹೆಸರು ಇದು.

ಕೊಕ್ಕಿನ ಬಗ್ಗೆ ಇನ್ನೊಂದು ವಿಷಯ, ನನಗೆ ತುಂಬಾ ಇಷ್ಟವಾದದ್ದು. ಲೆಹುವಾ ತೆರೆದ ಹೂ. ಅದರ ಮಕರಂದಕ್ಕೆ ಇಷ್ಟು ಉದ್ದದ ಬಾಗಿದ ಕೊಕ್ಕು ಬೇಕಾಗಿಯೇ ಇಲ್ಲ. ಹಾಗಾದರೆ ಈ ಕೊಕ್ಕು ಬಂದದ್ದೇಕೆ? ಹವಾಯಿಯಲ್ಲಿ ಲೊಬೀಲಿಯಾ ಗುಂಪಿನ ನೂರಕ್ಕೂ ಹೆಚ್ಚು ಜಾತಿಯ ಗಿಡಗಳಿವೆ. ಅವುಗಳಲ್ಲಿ ಹಲವು ಬಾಗಿದ ಕೊಳವೆಯಂಥ ಹೂ ಬಿಡುತ್ತವೆ. ಇಇವಿಯ ಕೊಕ್ಕು ಆ ಹೂವಿನ ಅಳತೆಗೆ ಬೆಳೆದದ್ದು. ಹಂದಿ, ಆಡು, ದನ ಬಂದ ಮೇಲೆ ಆ ಗಿಡಗಳು ಕಾಡಿನಿಂದ ಹೆಚ್ಚೂಕಡಿಮೆ ಕಾಣೆಯಾದವು. ಹಕ್ಕಿ ಲೆಹುವಾದ ಕಡೆ ತಿರುಗಿತು. 19ನೇ ಶತಮಾನದಲ್ಲಿ ಸಂಗ್ರಹಿಸಿ ಮ್ಯೂಸಿಯಮ್ಮಿನಲ್ಲಿಟ್ಟ ಇಇವಿಗಳ ಕೊಕ್ಕನ್ನೂ ಈಗಿನವುಗಳ ಕೊಕ್ಕನ್ನೂ 1990ರ ದಶಕದಲ್ಲಿ ಅಳೆದು ನೋಡಿದರು. ಮೇಲಿನ ಕೊಕ್ಕು ಚೂರು ಗಿಡ್ಡವಾಗಿತ್ತು. ನೂರು ವರ್ಷದೊಳಗೆ! ಒಂದು ಹೂ ಹೋದದ್ದು ಹಕ್ಕಿಯ ಮುಖದ ಮೇಲೆ ದಾಖಲಾಗಿದೆ.

ಈಗ ಹೊದಿಕೆಗೆ ಬರೋಣ.

ಅದನ್ನು 'ಅಹು ಉಲಾ' ಎನ್ನುತ್ತಾರೆ. ಅಹು ಅಂದರೆ ಹೊದೆಯುವ ಉಡುಪು, ಉಲಾ ಅಂದರೆ ಕೆಂಪು. ಪಾಲಿನೇಷ್ಯಾದ ದ್ವೀಪಗಳಲ್ಲೆಲ್ಲ ಕೆಂಪು ದೇವರ ಬಣ್ಣ, ಅರಸರ ಬಣ್ಣ. ಮುಂದೆ ಹಳದಿ ಗರಿಗೆ ಬೆಲೆ ಜಾಸ್ತಿಯಾಯಿತು, ಪೂರ್ತಿ ಹಳದಿ ಹೊದಿಕೆಗಳೂ ಬಂದವು. ಆದರೂ ಹೆಸರು ಮಾತ್ರ 'ಕೆಂಪು ಹೊದಿಕೆ' ಎಂದೇ ಉಳಿಯಿತು. ಆ ಕೆಂಪು ಹೆಚ್ಚಾಗಿ ಇಇವಿಯದು. ಜೊತೆಗೆ ಅದರ ಸೋದರ ಜಾತಿ ಅಪಪಾನೆಯದು. ಒಲೊನಾ ಎಂಬ ಗಿಡದ ನಾರಿನಿಂದ ಸಣ್ಣ ಕಣ್ಣಿನ ಬಲೆ ಹೆಣೆಯುತ್ತಿದ್ದರು. ಗರಿಗಳನ್ನು ಪುಟ್ಟ ಪುಟ್ಟ ಕಟ್ಟು ಮಾಡಿ ಸಾಲುಸಾಲಾಗಿ ಆ ಬಲೆಗೆ ಬಿಗಿಯುತ್ತಿದ್ದರು. ಮೇಲಿನ ಸಾಲು ಕೆಳಗಿನ ಸಾಲಿನ ಬುಡ ಮುಚ್ಚಬೇಕು, ಹಂಚು ಹೊದಿಸಿದ ಹಾಗೆ. ಮುಟ್ಟಿದರೆ ಮಖಮಲ್ಲು. ಇದನ್ನು ಹೊದೆಯುವ ಹಕ್ಕು 'ಅಲಿಯಿ' ಎಂಬ ಅರಸು ಮನೆತನದ ಗಂಡಸರಿಗೆ ಮಾತ್ರ. ಯುದ್ಧಕ್ಕೂ ಹೊದ್ದು ಹೋಗುತ್ತಿದ್ದರು. ತಲೆಗೆ ಗರಿಯದೇ ಶಿರಸ್ತ್ರಾಣ, 'ಮಹಿಯೋಲೆ'. ಅರಸು ಮನೆತನದ ಹೆಂಗಸರು ಕೊರಳಿಗೋ ಮುಡಿಗೋ ಗರಿಯ ಮಾಲೆ ಹಾಕುತ್ತಿದ್ದರು. ಗರಿಗೆ ಅಲ್ಲಿನ ಮಾತು 'ಹುಲು'. ಮನೆಯ ಹಿರಿಯರನ್ನು ಗೌರವದಿಂದ ಕರೆಯುವಾಗಲೂ ಇದೇ ಪದ ಬಳಸುತ್ತಾರೆ. ಅಮೂಲ್ಯರು ಎಂಬ ಅರ್ಥದಲ್ಲಿ.

ಗರಿ ತರುವವರು 'ಕಿಯಾ ಮನು', ಹಕ್ಕಿ ಹಿಡಿಯುವುದನ್ನೇ ಕಸುಬಾಗಿಸಿಕೊಂಡವರು. ಎತ್ತರದ ಕಾಡಿನಲ್ಲಿ ದಿನಗಟ್ಟಲೆ ಬೀಡುಬಿಟ್ಟಿರುತ್ತಿದ್ದರು. ಯಾವ ಮರ ಯಾವಾಗ ಹೂ ಬಿಡುತ್ತದೆ, ಯಾವ ಹಕ್ಕಿ ಯಾವಾಗ ಗರಿ ಉದುರಿಸುತ್ತದೆ, ಎಲ್ಲ ಬಾಯಿಪಾಠ. ಉದ್ದ ಕೋಲಿಗೆ ಜೀಗುಜ್ಜೆ ಮರದ ಹಾಲಿನ ಅಂಟು ಬಳಿದು, ಪಕ್ಕದಲ್ಲಿ ಲೆಹುವಾ ಗೊಂಚಲು ಕಟ್ಟಿ, ಹಕ್ಕಿಯ ಕೂಗನ್ನು ಅನುಕರಿಸಿ ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ಮಕಹಿಕಿ ಹಬ್ಬದ ಕಾಲದಲ್ಲಿ ಅರಸನಿಗೆ ಸಲ್ಲುವ ಕಂದಾಯದಲ್ಲಿ ಗರಿಯೂ ಸೇರಿತ್ತು.

ಇಲ್ಲೊಂದು ಸಿಹಿ ಕಥೆ ಎಲ್ಲ ಕಡೆ ಓಡಾಡುತ್ತದೆ. ಹವಾಯಿಯವರು ಹಕ್ಕಿಯನ್ನು ಕೊಲ್ಲುತ್ತಿರಲಿಲ್ಲ, ನಾಲ್ಕು ಗರಿ ಕಿತ್ತು ಹಾರಿಬಿಡುತ್ತಿದ್ದರು ಎಂದು. ಗರಿ ನನ್ನದು, ಹಕ್ಕಿ ನನ್ನ ಮುಂದಿನವರದು ಎಂಬರ್ಥದ ಮಾತನ್ನು ಕಮೆಹಮೆಹಾ ರಾಜನ ಹೆಸರಿನಲ್ಲಿ ಹೇಳುವುದೂ ಉಂಟು. ಪೂರ್ತಿ ಸುಳ್ಳಲ್ಲ. ಆದರೆ ಎಲ್ಲ ಹಕ್ಕಿಗೂ ಇದು ಹೊಂದುವುದಿಲ್ಲ. ಸುಮ್ನೆ ಒಂದು ಲೆಕ್ಕ ಮಾಡಿ ನೋಡೋಣ.

ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿ ಕಮೆಹಮೆಹಾನ ಹಳದಿ ಹೊದಿಕೆ ಇದೆ. ಅದರಲ್ಲಿ ಸುಮಾರು 4,50,000 ಗರಿ, ಅಂದಾಜು 80,000 ಹಕ್ಕಿಗಳಿಂದ ಬಂದದ್ದು. ಭಾಗಿಸಿದರೆ ಹಕ್ಕಿಗೆ ಐದೋ ಆರೋ ಗರಿ. ಈ ಗರಿ ಮಾಮೊ ಎಂಬ ಹಕ್ಕಿಯದು. ಮಾಮೊ ಮೈಯೆಲ್ಲ ಕಪ್ಪು, ಬಾಲದ ಬುಡ, ತೊಡೆ, ಹೆಗಲಿನ ಹತ್ತಿರ ಮಾತ್ರ ಒಂದಿಷ್ಟು ಹಳದಿ. ಆ ಹಳದಿ ಕಿತ್ತುಕೊಂಡು ಹಕ್ಕಿಯನ್ನು ಬಿಟ್ಟಿರಬಹುದು, ಸಾಧ್ಯ.

ಇನ್ನೊಂದು ಹೊದಿಕೆ ಕಲಾನಿಓಪುಉ ಎಂಬ ಅರಸನದು. ಅದರಲ್ಲಿ ಸುಮಾರು 40 ಲಕ್ಷ ಗರಿ, ಅಂದಾಜು 20,000 ಹಕ್ಕಿ. ಹಕ್ಕಿಗೆ 200 ಗರಿ! ಇದರ ಹೆಚ್ಚಿನ ಭಾಗ ಇಇವಿಯ ಕೆಂಪು. 20 ಗ್ರಾಮಿನ ಹಕ್ಕಿಯ ಮೈಯಿಂದ 200 ಗರಿ ಕಿತ್ತ ಮೇಲೆ ಆ ಚಳಿಯ ಕಾಡಿನಲ್ಲಿ ಅದು ಒಂದು ರಾತ್ರಿಯೂ ಉಳಿಯುವುದಿಲ್ಲ. ಇಇವಿಯನ್ನು ಕೊಲ್ಲುತ್ತಿದ್ದರು, ಚರ್ಮ ಸಮೇತ ಸುಲಿಯುತ್ತಿದ್ದರು. ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್‌ನ ಹಡಗು 1778ರಲ್ಲಿ ಕವಾಯಿ ದ್ವೀಪಕ್ಕೆ ಬಂದಾಗ ಜನ ಪುಟ್ಟ ಕೆಂಪು ಹಕ್ಕಿಗಳ ಚರ್ಮವನ್ನು ಇಪ್ಪತ್ತೋ ಅದಕ್ಕಿಂತ ಹೆಚ್ಚೋ ಸೇರಿಸಿ ಕಂತೆ ಕಟ್ಟಿ ಮಾರಲು ತಂದಿದ್ದರು ಎಂದು ಆ ಯಾನದ ಬರಹದಲ್ಲೇ ಇದೆ. ಇದನ್ನು ಮುಚ್ಚಿಡುವುದರಲ್ಲಿ ಯಾವ ಗೌರವವೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಕಲಾನಿಓಪುಉನ ಹೊದಿಕೆಯ ಕಥೆಯನ್ನು ಪೂರ್ತಿ ಹೇಳಿಬಿಡುತ್ತೇನೆ. 1779ರ ಜನವರಿ 26ರಂದು ಕೆಅಲಕೆಕುವಾ ಕೊಲ್ಲಿಯಲ್ಲಿ ಈ ಅರಸ ತನ್ನ ಮೈಮೇಲಿದ್ದ ಹೊದಿಕೆಯನ್ನು ತೆಗೆದು ಕುಕ್‌ನ ಹೆಗಲಿಗೆ ಹೊದಿಸಿದ. ತಲೆಯ ಮೇಲಿನ ಮಹಿಯೋಲೆಯನ್ನೂ ಕೊಟ್ಟ. ಮೂರು ವಾರವೂ ಕಳೆದಿರಲಿಲ್ಲ, ಫೆಬ್ರವರಿ 14ರಂದು, ಇದೇ ಅರಸನನ್ನು ಒತ್ತೆಯಾಳಾಗಿ ಹಡಗಿಗೆ ಕರೆದೊಯ್ಯಲು ಹೋಗಿ ಅದೇ ಕೊಲ್ಲಿಯ ದಡದಲ್ಲಿ ಕುಕ್ ಸತ್ತ. ಹೊದಿಕೆ ಇಂಗ್ಲೆಂಡಿಗೆ ಹೋಯಿತು. ಒಂದು ಸಂಗ್ರಹದಿಂದ ಇನ್ನೊಂದಕ್ಕೆ ಕೈ ಬದಲಾಯಿಸಿ 1912ರಲ್ಲಿ ನ್ಯೂಜಿಲೆಂಡಿನ ಮ್ಯೂಸಿಯಮ್ಮಿಗೆ ದಾನವಾಗಿ ಬಂತು. 2016ರಲ್ಲಿ ಎರವಲಾಗಿ ಹವಾಯಿಗೆ ಮರಳಿತು. 2020ರಲ್ಲಿ ಶಾಶ್ವತವಾಗಿ ಅಲ್ಲೇ ಉಳಿಯಿತು. ಇನ್ನೂರ ನಲವತ್ತು ವರ್ಷದ ಹಳೆಯ ಗರಿಗಳು. ಬಣ್ಣ ಇನ್ನೂ ಕೆಂಪೇ.

ಹಕ್ಕಿಗೆ ವಿಜ್ಞಾನಿಗಳು ಇಟ್ಟಿದ್ದ ಹಳೆಯ ಹೆಸರಿನಲ್ಲೂ ಈ ಹೊದಿಕೆಯೇ ಇತ್ತು: ವೆಸ್ಟಿಯಾರಿಯಾ. ಲ್ಯಾಟಿನ್‌ನಲ್ಲಿ ಬಟ್ಟೆಗೆ ಸಂಬಂಧಿಸಿದ್ದು ಎಂದು ಅರ್ಥ. ಈಗ ಅದನ್ನು ಡ್ರೆಪಾನಿಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ, ಅಂದರೆ ಕುಡುಗೋಲು. ಬಟ್ಟೆಯಿಂದ ಕೊಕ್ಕಿಗೆ ಬಂದರು. ಹಕ್ಕಿಯ ದೃಷ್ಟಿಯಿಂದ ಇದು ಒಳ್ಳೆಯ ಬದಲಾವಣೆಯೇ.

ಕೊಂದವರೇ ಪ್ರೀತಿಸುವುದು ಹೇಗೆ ಎಂದಿರಿ. ಇದಕ್ಕೆ ತತ್ವ ಹೇಳುವ ಬದಲು ಇನ್ನೊಂದು ಕಥೆ ಹೇಳುತ್ತೇನೆ. ಲಾಯೆಇಕವಾಯ್ ಎಂಬ ರಾಜಕುಮಾರಿ ಪಾಲಿಉಲಿ ಎಂಬ ಮಂಜು ಕವಿದ ಕಾಡಿನಲ್ಲಿ ಅಡಗಿ ಬೆಳೆಯುತ್ತಾಳೆ. ಅವಳ ಚೆಲುವಿನ ಸುದ್ದಿ ಕೇಳಿ ಐವೋಹಿಕುಪುವಾ ಎಂಬ ಅರಸ ಮದುವೆಯ ಉಡುಗೊರೆಯಾಗಿ ಬೆಲೆಬಾಳುವ ಗರಿಯ ಹೊದಿಕೆ ಹಿಡಿದು ಹೊರಡುತ್ತಾನೆ. ಅಲ್ಲಿ ಹೋಗಿ ನೋಡಿದರೆ ಅವಳ ಮನೆಯ ಸೂರಿಗೇ ಹಳದಿ ಗರಿ ಹೊದಿಸಿದೆ! ಅವನು ಜಂಬದಿಂದ ತಂದ ಹೊದಿಕೆ ಅವಳ ಮನೆಯ ಮಾಡಿಗೂ ಸಾಲದು. ನಾಚಿಕೊಂಡು ಬಾಗಿಲು ತಟ್ಟದೆಯೇ ತಿರುಗಿ ಹೊರಡುತ್ತಾನೆ.

ಇದೇ ಕಥೆಯಲ್ಲಿ ಮುಂದೊಮ್ಮೆ ರಾಜಕುಮಾರಿ ತಾನು ಬರುವ ಸುಳಿವನ್ನು ಹಕ್ಕಿಗಳ ದನಿಯಲ್ಲಿ ಹೇಳಿ ಕಳಿಸುತ್ತಾಳೆ. ಓಓ ಹಕ್ಕಿ ಕೂಗಿದರೆ ನಾನಲ್ಲ. ಅಲಲಾ ಎಂಬ ಕಾಗೆ ಕೂಗಿದರೂ ನಾನಲ್ಲ. ಎಲೆಪಾಯೊ ದನಿ ಎತ್ತಿದಾಗ ನಾನು ಹೊರಡಲು ಸಿದ್ಧಳಾಗುತ್ತಿರುತ್ತೇನೆ. ಅಪಪಾನೆ ಕೂಗಿದಾಗ ನನ್ನ ಮನೆಯ ಬಾಗಿಲು ದಾಟಿರುತ್ತೇನೆ. ಇಇವಿ ಕೂಗಿದಾಗ ನಿಮ್ಮ ಮನೆಯ ಹೊರಗೇ ಇರುತ್ತೇನೆ, ಬಂದು ಹುಡುಕಿ. ಐದು ಹಕ್ಕಿಗಳ ದನಿಯನ್ನು ಬೇರೆ ಬೇರೆ ಗುರುತಿಸಬಲ್ಲ ಕೇಳುಗರು ಇಲ್ಲದಿದ್ದರೆ ಈ ಸುಳಿವೇ ಕೆಲಸ ಮಾಡುವುದಿಲ್ಲ. ಇಂಥ ಕಿವಿ ಇದ್ದವರೇ ಕಾಡಿಗೆ ಹೋಗಿ ಅಂಟಿನ ಕೋಲನ್ನೂ ಎತ್ತುತ್ತಿದ್ದರು. ಬೇಟೆಯೂ ಪ್ರೀತಿಯೂ ಒಂದೇ ಪರಿಚಯದಿಂದ ಹುಟ್ಟಿದ್ದವು. ಹಕ್ಕಿಯನ್ನು ಚಿತ್ರದಲ್ಲಷ್ಟೇ ಕಂಡ ನಮಗೆ ಇವೆರಡು ವಿರುದ್ಧ ಅನಿಸುವುದು ಸಹಜ.

ಈಗ ನಿಮ್ಮ ಮುಖ್ಯ ಅನುಮಾನ. ಮೇಲಿನ ಲೆಕ್ಕವನ್ನೇ ಇನ್ನೊಮ್ಮೆ ನೋಡಿ. ಮಾಮೊವಿನಿಂದ ಐದಾರು ಗರಿ ಕೀಳುತ್ತಿದ್ದರು, ಇಇವಿಯನ್ನು ಕೊಲ್ಲುತ್ತಿದ್ದರು. ಹೊದಿಕೆಯೇ ಕಾರಣವಾಗಿದ್ದರೆ ಮೊದಲು ಮುಗಿದುಹೋಗಬೇಕಾದದ್ದು ಇಇವಿ. ಆದದ್ದು ಉಲ್ಟಾ. ಮಾಮೊ 1898ರ ಹೊತ್ತಿಗೆ ಮುಗಿಯಿತು. ಹಳದಿ ಗರಿಯ ಓಓ ಜಾತಿಗಳು ಒಂದೊಂದಾಗಿ ಹೋದವು, ಕೊನೆಯದಾದ ಕವಾಯಿಯ ಓಓ ಹಕ್ಕಿಯ ದನಿ ಕೇಳಿದ್ದು 1987ರಲ್ಲಿ. ಇಇವಿ ಇನ್ನೂ ಇದೆ. ಜೊತೆಗೆ ಕಾಲವೂ ಹೊಂದುವುದಿಲ್ಲ. 1819ರಲ್ಲಿ ಕಮೆಹಮೆಹಾ ತೀರಿಕೊಂಡ, ಅದೇ ವರ್ಷ 'ಕಪು' ಎಂಬ ಹಳೆಯ ಕಟ್ಟುಪಾಡು ಮುರಿದುಬಿತ್ತು. ಅರಸರು ಕ್ರಮೇಣ ಯುರೋಪಿನ ಉಡುಪಿಗೆ ತಿರುಗಿದರು. ಹಕ್ಕಿಗಳು ರಾಶಿರಾಶಿಯಾಗಿ ಕಾಣೆಯಾದದ್ದು ಅದಾದ ಎಷ್ಟೋ ದಶಕಗಳ ಮೇಲೆ. ಕಾಡು ಕಡಿದದ್ದು, ಇಲಿ, ಮುಂಗುಸಿ, ಎಲ್ಲವೂ ಪಾಲು ತೆಗೆದುಕೊಂಡಿವೆ. ಆದರೆ ಕಾಡು ಹಾಗೇ ನಿಂತಿದ್ದ ಕಡೆಯೂ ತಗ್ಗಿನ ಪ್ರದೇಶದಲ್ಲಿ ಹಕ್ಕಿಯೇ ಇಲ್ಲದಂತಾಯಿತು. ಅದು ವಿಚಿತ್ರ.

ಹವಾಯಿಯಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಮಾವಿ ದ್ವೀಪದ ಲಹೈನಾ ಬಂದರಿಗೆ ವೆಲಿಂಗ್ಟನ್ ಎಂಬ ಹಡಗು ಬಂತು. ಅದರ ನೀರಿನ ಪೀಪಾಯಿಗಳನ್ನು ತೊಳೆದು ಚೆಲ್ಲಿದಾಗ ಸೊಳ್ಳೆ ಮರಿಗಳು ಇಳಿದವು ಎಂದು ಹೇಳಲಾಗುತ್ತದೆ. ಕಿವಿಯ ಹತ್ತಿರ ಹಾಡುವ ಹೊಸ ಥರದ ನೊಣ ಬಂದಿದೆ ಎಂದು ಊರಿನವರು ಅಲ್ಲಿದ್ದ ಪಾದ್ರಿಯ ಬಳಿ ಹೇಳಿಕೊಂಡರಂತೆ. ನಮಗೆ ಚೆನ್ನಾಗಿ ಗೊತ್ತಿರುವ ಕ್ಯುಲೆಕ್ಸ್ ಸೊಳ್ಳೆ ಅದು. ಮುಂದೆ ಹೊರಗಿನಿಂದ ತಂದ ಹಕ್ಕಿಗಳ ಜೊತೆ ಹಕ್ಕಿ ಮಲೇರಿಯಾ, ಹಕ್ಕಿ ಸಿಡುಬು ಬಂದವು. ಹರಡಲು ಸೊಳ್ಳೆ ಸಿದ್ಧವಾಗಿತ್ತು. ಲಕ್ಷಾಂತರ ವರ್ಷ ಈ ರೋಗವನ್ನೇ ಕಾಣದ ಹಕ್ಕಿಗಳಿಗೆ ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಇಇವಿಯಂತೂ ತೀರಾ ನಾಜೂಕು. ಪ್ರಯೋಗದಲ್ಲಿ ರೋಗವಿದ್ದ ಒಂದೇ ಒಂದು ಸೊಳ್ಳೆ ಕಚ್ಚಿದರೂ ಹತ್ತರಲ್ಲಿ ಒಂಬತ್ತು ಇಇವಿ ಸತ್ತವು. ಅಪಪಾನೆ ಅಷ್ಟು ಸಾಯುವುದಿಲ್ಲ. ಬದುಕಿ ಉಳಿದು, ರೋಗವನ್ನು ರಕ್ತದಲ್ಲಿ ಹೊತ್ತು ತಿರುಗುತ್ತದೆ. ಹೊದಿಕೆಯಲ್ಲಿ ಪಕ್ಕಪಕ್ಕ ಕೂತ ಎರಡು ಕೆಂಪು ಹಕ್ಕಿಗಳು, ಕಾಡಿನಲ್ಲಿ ಒಂದರ ರೋಗ ಇನ್ನೊಂದಕ್ಕೆ ಮೃತ್ಯು.

ಉಳಿಸಿದ್ದು ಚಳಿ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಲೇರಿಯಾದ ಪರಾವಲಂಬಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಬೆಟ್ಟದ ಮೇಲೆ, ಸುಮಾರು 1,500 ಮೀಟರ್ ದಾಟಿದ ಮೇಲೆ, ಹಕ್ಕಿಗೆ ನೆಮ್ಮದಿ. ಆದರೆ ಇಇವಿ ಒಂದು ಕಡೆ ಕೂರುವ ಹಕ್ಕಿಯಲ್ಲ. ಓಹಿಯಾ ಎಲ್ಲಿ ಹೂ ಬಿಟ್ಟಿದೆಯೋ ಅಲ್ಲಿಗೆ ಹೋಗುತ್ತದೆ. ಕೆಳಗಿನ ಕಾಡು ಕೆಂಪಾದಾಗ ಇಳಿಯುತ್ತದೆ. ಇಳಿದದ್ದು ಎಷ್ಟೋ ಸಲ ಹತ್ತುವುದಿಲ್ಲ. ಕಾಡುಹಂದಿಗಳು ಮರದೆತ್ತರದ ಜರೀಗಿಡಗಳ ಕಾಂಡವನ್ನು ಕೊರೆದು ತಿರುಳು ತಿನ್ನುತ್ತವೆ, ಆ ಪೊಟರೆಯಲ್ಲಿ ಮಳೆನೀರು ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತದೆ. ಸಾಲದ್ದಕ್ಕೆ ಹವೆ ಬಿಸಿಯಾಗುತ್ತಿದೆ, ಸೊಳ್ಳೆಯ ಗೆರೆ ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದೆ. ಕವಾಯಿ ದ್ವೀಪದ ಅತಿ ಎತ್ತರದ ಶಿಖರವೇ 1,600 ಮೀಟರ್ ಒಳಗೆ. ಅಲ್ಲಿ ಹಕ್ಕಿಗೆ ಏರಲು ಬೆಟ್ಟವೇ ಉಳಿದಿಲ್ಲ.

ಅಮೆರಿಕ ಸರ್ಕಾರ 2017ರಲ್ಲಿ ಇಇವಿಯನ್ನು ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು. ಆಗಿನ ಅಂದಾಜು ಸುಮಾರು 6 ಲಕ್ಷ ಹಕ್ಕಿ. ಇಷ್ಟೊಂದು ಇವೆಯಲ್ಲ ಎಂದು ನಿಮಗೆ ಅನಿಸಬಹುದು. ಅವುಗಳಲ್ಲಿ ಶೇ. 90ರಷ್ಟು ಹವಾಯಿ ಎಂಬ ಒಂದೇ ದೊಡ್ಡ ದ್ವೀಪದ ಎತ್ತರದ ಕಾಡಿನಲ್ಲಿವೆ. ಮಾವಿಯ ಪೂರ್ವದಲ್ಲಿ ಒಂದಷ್ಟು. ಲನಾಯಿ ದ್ವೀಪದಲ್ಲಿ ಪೂರ್ತಿ ಇಲ್ಲ. ಆ ದೊಡ್ಡ ದ್ವೀಪದಲ್ಲೇ ಈಗ ಓಹಿಯಾಗೂ ರೋಗ ಬಂದಿದೆ. ಒಂದು ಶಿಲೀಂಧ್ರ ಮರದೊಳಗಿನ ನೀರಿನ ದಾರಿಯನ್ನು ಕಟ್ಟಿಹಾಕುತ್ತದೆ, ಹಸಿರಾಗಿದ್ದ ಮರ ಕೆಲವೇ ವಾರಗಳಲ್ಲಿ ಕಂದಾಗಿ ನಿಲ್ಲುತ್ತದೆ. ರೋಗಕಾರಕವನ್ನು ಗುರುತಿಸಿದ್ದು 2014ರಲ್ಲಿ.

ಸುಮ್ಮನೆ ಕೂತಿಲ್ಲ ಯಾರೂ. 2023ರಿಂದ ಮಾವಿಯ ಕಾಡುಗಳಲ್ಲಿ ಗಂಡು ಸೊಳ್ಳೆಗಳನ್ನು ಹೆಲಿಕಾಪ್ಟರಿನಿಂದ ಬಿಡುತ್ತಿದ್ದಾರೆ. ಸೊಳ್ಳೆ ಕಡಿಮೆ ಮಾಡಲು ಸೊಳ್ಳೆ ಬಿಡುವುದು ಎಂದರೆ ನಗು ಬರುತ್ತದೆ, ಅಲ್ವಾ? ಗಂಡು ಸೊಳ್ಳೆ ಕಚ್ಚುವುದಿಲ್ಲ. ಈ ಗಂಡುಗಳ ಒಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಬೇರೆ ತಳಿ ಇರುತ್ತದೆ. ಇವುಗಳ ಜೊತೆ ಕೂಡಿದ ಕಾಡಿನ ಹೆಣ್ಣು ಸೊಳ್ಳೆ ಇಟ್ಟ ಮೊಟ್ಟೆ ಒಡೆಯುವುದಿಲ್ಲ. ಇದನ್ನು ವಿರೋಧಿಸಿ ಕೋರ್ಟಿಗೆ ಹೋದವರೂ ಇದ್ದಾರೆ. ನನಗೆ ಕೇಳಿದರೆ, ಔಷಧ ಸಿಂಪಡಿಸಿ ಕಾಡಿನ ಎಲ್ಲ ಹುಳ ಕೊಲ್ಲುವುದಕ್ಕಿಂತ ಇದು ಎಷ್ಟೋ ವಾಸಿ. ಗರಿಯ ಕಸುಬೂ ನಿಂತಿಲ್ಲ. ಮಾಲೆ ಕಟ್ಟುವವರು ಈಗ ಬಣ್ಣ ಹಾಕಿದ ಬಾತುಕೋಳಿ ಜಾತಿಯ ಗರಿ ಬಳಸುತ್ತಾರೆ, ಕಟ್ಟುವ ಕೈಚಳಕ ಹಳೆಯದೇ.

ಕೊನೆಯದಾಗಿ, ನೋಡಬಹುದಾ ಎಂದು ಕೇಳಿದಿರಿ. ನೋಡಬಹುದು. ಮಾವಿಯ ಹಲೆಅಕಲಾ ರಾಷ್ಟ್ರೀಯ ಉದ್ಯಾನದಲ್ಲಿ, ಸುಮಾರು 2,000 ಮೀಟರ್ ಎತ್ತರದಲ್ಲಿ, ಹೋಸ್ಮರ್ ಗ್ರೋವ್ ಎಂಬ ತೋಪಿದೆ. ಸಾಮಾನ್ಯ ಪ್ರವಾಸಿಗರಿಗೆ ಸುಲಭವಾದ ಜಾಗ ಅದೇ. ಬೆಳಿಗ್ಗೆ ಬೇಗ ಹೋಗಿ, ಬೆಚ್ಚಗಿನ ಬಟ್ಟೆ ಇರಲಿ. ಕಾಡಿನ ದಾರಿ ಶುರುವಾಗುವಲ್ಲಿ ಬೂಟು ಉಜ್ಜಲು ಬ್ರಷ್ಷು, ಸಿಂಪಡಿಸಲು ಆಲ್ಕೋಹಾಲು ಇಟ್ಟಿರುವುದನ್ನು ಕಂಡರೆ ನಿರ್ಲಕ್ಷಿಸಬೇಡಿ. ಓಹಿಯಾದ ರೋಗ ಬೂಟಿನ ಮಣ್ಣಿನಲ್ಲೇ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಅಟ್ಟೆಯ ಸಂದಿಯಲ್ಲಿ ಕೂತ ಮಣ್ಣನ್ನೂ ಕಡ್ಡಿ ಹಾಕಿ ತೆಗೆಯಿರಿ. ಆಮೇಲೆ ಹೂ ಬಿಟ್ಟ ಮರದ ಕೆಳಗೆ ನಿಂತು, ಬಾಗಿಲು ಕಿರುಗುಟ್ಟುವ ಸದ್ದಿಗೆ ಕಾಯಿರಿ.